ಮೂಗಿಗೆ ಸಿಗದ ಹೊಗೆ

ಬೇರೆಯವರ ಬಾಚಣಿಗೆ, ಒದ್ದೆ ಸೋಪಿಗೆ ಅಂಟಿದ ಕೂದಲು, ಬಸ್ಸಿನಲ್ಲಿ ಮುಂದೆ ಕೂತವನ ತಲೆಯೆಣ್ಣೆ, ಹಾಲಿನ ಪಾತ್ರೆಯ ಅಂಚಿನಲ್ಲಿ ಒಣಗಿದ ಕೆನೆ. ಇಂಥದ್ದು ಯಾವುದನ್ನು ಕಂಡರೂ ಅವಳ ಮೂಗು ಮೊದಲು ಸುಕ್ಕುಗಟ್ಟುತ್ತಿತ್ತು, ಆಮೇಲೆ ಬಾಯಿ ತೆರೆದುಕೊಳ್ಳುತ್ತಿತ್ತು. ಅದಕ್ಕೇ ಅವಳಿಗೆ ಮೂಗಕ್ಕ ಎಂದು ಹೆಸರು ಬಿದ್ದದ್ದು. ಹೆಸರು ಕೇಳಿದ ಹೊಸಬರು, ಪಾಪ, ಮಾತು ಬಾರದ ಹೆಂಗಸಿರಬೇಕು ಎಂದುಕೊಂಡು ಕೈಸನ್ನೆಯಲ್ಲಿ ಮಾತಾಡಿಸುತ್ತಿದ್ದರು. ಅವಳು ಒಂದು ಸಲ ಬಾಯಿ ಬಿಟ್ಟಳೆಂದರೆ, ತಾವು ಅಂದುಕೊಂಡದ್ದೇ ನಿಜವಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅವರಿಗೇ ಅನ್ನಿಸುತ್ತಿತ್ತು.

ಇಂಥವಳಿಗೆ ಸಿಕ್ಕಿದ್ದು ಊರವರ ಗಲೀಜು ತೊಳೆಯುವ ಕೆಲಸ. ಊರಾಚೆ, ಚರ್ಮ ಹದ ಮಾಡುವ ಕಾರ್ಖಾನೆಯ ಮೋರಿ ಹರಿಯುವ ಕಡೆ, ಒಂದು ಯಾರ್ಡ್ ಇತ್ತು. ಅಲ್ಲಿ ಮನೆಗಾಡಿಗಳನ್ನು ಬಾಡಿಗೆಗೆ ಕೊಡುತ್ತಿದ್ದರು. ಮನೆಗಾಡಿ ಎಂದರೆ ಬಸ್ಸಿನ ಮೈಯೊಳಗೆ ಒಂದು ಪುಟ್ಟ ಮನೆ: ಹಾಸಿಗೆ, ಒಲೆ, ಸಿಂಕು, ಫ್ರಿಜ್ಜು, ಬೀರುವಿನಷ್ಟೇ ಅಗಲದ ಕಕ್ಕಸು. ಊರು ಸುತ್ತುವವರು ಅದನ್ನು ತೆಗೆದುಕೊಂಡು ಹೋಗುತ್ತಿದ್ದರು, ಗುಡ್ಡದ ಮೇಲೋ ಕೆರೆಯ ದಡದಲ್ಲೋ ನಿಲ್ಲಿಸಿ ಮಜಾ ಮಾಡುತ್ತಿದ್ದರು, ಮಾಡಿದ ಮಜಾವನ್ನೆಲ್ಲ ಗಾಡಿಯೊಳಗೇ ಬಿಟ್ಟು ವಾಪಸು ತರುತ್ತಿದ್ದರು. ಅದನ್ನು ತೊಳೆದು, ಬಳಿದು, ಮುಂದಿನ ಗಿರಾಕಿಗೆ ಹೊಸದರಂತೆ ಮಾಡಿಕೊಡುವವಳು ಮೂಗಕ್ಕ. ಯಜಮಾನನಿಗೆ ಅವಳ ಮೇಲೆ ನಂಬಿಕೆ. "ಹೇಸಿಗೆ ಅನ್ನೋದೇ ಗೊತ್ತಿಲ್ಲದವನು ಏನು ತೊಳೀತಾನೆ? ಇವಳಿಗೆ ಗೋಡೆ ಹಿಂದಿರೋ ಕೊಳೆನೂ ಕಾಣುತ್ತೆ," ಎನ್ನುತ್ತಿದ್ದ.

ಅವಳಿಗೇನೂ ಈ ಕೆಲಸ ಇಷ್ಟವಿರಲಿಲ್ಲ. ದಿನವೂ ಬೈದುಕೊಂಡೇ ಮಾಡುತ್ತಿದ್ದಳು. ಮನುಷ್ಯ ಮನೆಯಲ್ಲಿ ಇರುವ ರೀತಿ ಬೇರೆ, ಬಾಡಿಗೆ ಗಾಡಿಯಲ್ಲಿ ಇರುವ ರೀತಿಯೇ ಬೇರೆ ಎಂಬುದು ಅವಳಿಗೆ ಅಲ್ಲಿ ಗೊತ್ತಾಗಿತ್ತು. ಒಳ್ಳೆ ಬಟ್ಟೆ ಹಾಕಿಕೊಂಡು, "ಥ್ಯಾಂಕ್ಯೂ ಆಂಟಿ" ಎಂದು ಬೀಗದ ಕೈ ಕೊಟ್ಟು ಹೋದವರ ದಿಂಬಿನ ಕೆಳಗೆ ಕಚ್ಚಿ ಬಿಟ್ಟ ಮೂಳೆ ಸಿಗುತ್ತಿತ್ತು. ಪರದೆಗೆ ಕೈ ಒರೆಸಿರುತ್ತಿದ್ದರು. ಮಗುವಿನ ಚಡ್ಡಿಯನ್ನು ಒಲೆಯ ಮೇಲಿನ ಕಪಾಟಿನಲ್ಲಿ ತುರುಕಿರುತ್ತಿದ್ದರು. "ಇವರನ್ನೆಲ್ಲ ಹೆತ್ತವರು ಯಾರೋ," ಎಂದು ಮೂಗಿಗೆ ಬಟ್ಟೆ ಕಟ್ಟಿಕೊಂಡು ಉಜ್ಜುತ್ತಿದ್ದಳು.

ಮನೆಗೆ ಬಂದರೆ ಅವಳಿಗೆ ಉಸಿರು ಬರುತ್ತಿದ್ದುದು ಗಂಡನಿಂದ. ಗಂಡ ಟೈಲರ್. ಅವನ ಮೈಯಿಂದ ಯಾವಾಗಲೂ ಇಸ್ತ್ರಿ ಮಾಡಿದ ಬಟ್ಟೆಯ ವಾಸನೆ. ಆ ಒಂದು ಕಾರಣಕ್ಕೇ ಮದುವೆಗೆ ಒಪ್ಪಿದೆ ಎಂದು ಅವಳೇ ಹೇಳುತ್ತಿದ್ದಳು. ಆದರೆ ಗಂಡನ ಜೊತೆಗೆ ಮೈದುನನೂ ಬಂದಿದ್ದ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಅಣ್ಣತಮ್ಮಂದಿರು, ಒಬ್ಬ ಬೆಣ್ಣೆ, ಒಬ್ಬ ಗ್ರೀಸು. ಮೈದುನ ಅದೇ ಯಾರ್ಡಿನಲ್ಲಿ ಮೆಕ್ಯಾನಿಕ್. ಕೆನ್ನೆಯಲ್ಲಿ ಸದಾ ತಂಬಾಕಿನ ಉಂಡೆ, ಉಗುರಿನಲ್ಲಿ ಕಪ್ಪು, ಎಂಜಿನ್ನಿನ ಆಯಿಲ್ ಕಡ್ಡಿ ಒರೆಸುವ ಬಟ್ಟೆಯಲ್ಲೇ ಮೂಗು ಒರೆಸಿಕೊಳ್ಳುವ ಅಭ್ಯಾಸ. ಹಿತ್ತಲ ರೂಮಿನಲ್ಲಿ ಮಲಗುತ್ತಿದ್ದ, ಊಟ ಮಾತ್ರ ಅಣ್ಣನ ಮನೆಯಲ್ಲಿ. ಅವನಿಗೆ ಬೇರೆ ತಟ್ಟೆ, ಬೇರೆ ಲೋಟ, ಬೇರೆ ಟವೆಲು. ಅವನ ಸೋಪನ್ನು ಹಿತ್ತಲ ಗೋಡೆಯ ಗೂಡಿನಲ್ಲಿ ಇಡಿಸಿದ್ದಳು. ಅವನಿಗೆ ಅದರಿಂದ ಬೇಜಾರೇನೂ ಇರಲಿಲ್ಲ. "ನಮ್ಮತ್ತಿಗೆ ನನ್ನ ಸೋಪಿಗೂ ಒಂದು ಬೇರೆ ಮನೆ ಮಾಡಿಕೊಟ್ಟಿದ್ದಾರೆ," ಎಂದು ಬಂದವರಿಗೆಲ್ಲ ತೋರಿಸುತ್ತಿದ್ದ. ಅವನು ಮಾಡಿಕೊಟ್ಟ ಟೀಯನ್ನು ಅವಳು ಒಂದು ದಿನವೂ ಕುಡಿದವಳಲ್ಲ.

ಜನರೇಟರ್ ಚಾಲೂ ಮಾಡುವುದನ್ನು ಅವಳಿಗೆ ಕಲಿಸಿದವನು ಅವನೇ. ದಾರಿಯಲ್ಲಿ ಕೆಟ್ಟು ನಿಂತ ಗಾಡಿಗಳನ್ನು ನೋಡಲು ಅವನು ಮೇಲಿಂದ ಮೇಲೆ ಹೋಗಬೇಕಾಗುತ್ತಿತ್ತು. ಗಿರಾಕಿಗೆ ಕೊಡುವ ಮೊದಲು ಪ್ರತಿ ಗಾಡಿಯ ಜನರೇಟರನ್ನೂ ಓಡಿಸಿ, ಏಸಿ ಹಾಕಿ, ಸರಿಯಾಗಿದೆಯೇ ಎಂದು ನೋಡುವುದು ಯಾರ್ಡಿನ ಪದ್ಧತಿ. "ಇನ್ನು ಮೇಲೆ ಅದನ್ನೂ ನೀನೇ ನೋಡ್ಕೊಂಡ್ಬಿಡಮ್ಮ," ಎಂದ ಯಜಮಾನ. ಕೆಲಸಕ್ಕೆ ಹೊಸ ಹೆಗಲು ಸಿಕ್ಕಿದರೆ ಹೊರೆ ಹಾಕಲು ಎಷ್ಟು ಹೊತ್ತು.

ಗಾಡಿಯ ಹೊಟ್ಟೆಯಲ್ಲಿ, ಹಿಂದಿನ ಚಕ್ರದ ಪಕ್ಕ, ಒಂದು ಕಬ್ಬಿಣದ ಪೆಟ್ಟಿಗೆಯೊಳಗೆ ಜನರೇಟರ್ ಕೂತಿರುತ್ತಿತ್ತು. ಮೈದುನ ಅದರ ಬಾಗಿಲು ತೆಗೆದು ಒಳಗೆ ಟಾರ್ಚು ಬಿಟ್ಟ.

"ಮೊದಲು ಇದರೊಳಗೆ ನೋಡಿ ಅತ್ತಿಗೆ. ಇಲಿ ಗೂಡು ಕಟ್ಟಿರುತ್ತೆ. ಒಣ ಹುಲ್ಲು, ಹತ್ತಿ, ಎಲ್ಲ ತಂದಿಟ್ಟಿರುತ್ತೆ. ಬಿಸಿಗೆ ಹತ್ಕೊಂಡ್ರೆ ಗಾಡಿನೇ ಹೋಯ್ತು."

"ಇಲಿನಾ? ಥೂ. ಅದನ್ನ ಯಾರು ತೆಗೀತಾರೆ?"

"ಇಕ್ಕಳದಲ್ಲಿ ತೆಗೀರಿ. ಮುಟ್ಟಿ ಅಂದ್ನಾ ನಾನು?"

ಆಮೇಲೆ ಆಯಿಲ್ ಕಡ್ಡಿ. ಗಾಡಿ ಸಮನಾದ ನೆಲದ ಮೇಲಿರಬೇಕು, ಕಡ್ಡಿ ಎಳೆದು ಒರೆಸಿ ಮತ್ತೆ ಅದ್ದಿ ನೋಡಬೇಕು, ಆಯಿಲ್ಲು ಎರಡು ಗೀರುಗಳ ನಡುವೆ ಇರಬೇಕು. ಪೆಟ್ರೋಲು ಕಾಲು ಟ್ಯಾಂಕಿಗಿಂತ ಕೆಳಗಿಳಿದಿದ್ದರೆ ಜನರೇಟರ್ ಎಳೆಯುವುದೇ ಇಲ್ಲ. ದಾರಿಯಲ್ಲಿ ಗಾಡಿ ನಿಂತುಹೋಗದಿರಲಿ ಎಂದು ಹಾಗೆ ಮಾಡಿದ್ದಾರೆ. ಒಲೆಯ ಗ್ಯಾಸು ಬಂದ್ ಆಗಿರಬೇಕು. ಒಳಗೆ ಏಸಿ, ಫ್ರಿಜ್ಜು, ದೀಪ ಎಲ್ಲ ಆರಿರಬೇಕು. "ಎದ್ದ ತಕ್ಷಣ ಯಾರ ತಲೆ ಮೇಲಾದ್ರೂ ಮೂಟೆ ಹೊರಿಸ್ತಾರಾ? ಇದೂ ಹಂಗೇ. ಮೊದಲು ಎದ್ದೇಳಲಿ, ಸ್ವಲ್ಪ ಹೊತ್ತು ಓಡಲಿ, ಆಮೇಲೆ ಏಸಿ ಹಾಕಿ. ನಿಲ್ಲಿಸೋವಾಗಲೂ ಮೊದಲು ಏಸಿ ಆರಿಸಿ, ಖಾಲಿ ಓಡಿಸಿ, ಆಮೇಲೆ ನಿಲ್ಲಿಸಿ." ಗುಂಡಿಯನ್ನು ಮೊದಲು ಒಂದು ಕಡೆ ಒತ್ತಿ ಹಿಡಿದು ಪೆಟ್ರೋಲು ಏರಿಸಬೇಕು, ಆಮೇಲೆ ಇನ್ನೊಂದು ಕಡೆ ಒತ್ತಿದರೆ ಗುರ್ ಎನ್ನುತ್ತದೆ. ಇಷ್ಟನ್ನೂ ಅವಳು ಒಂದೇ ಸಲಕ್ಕೆ ಕಲಿತಳು. ಕಡ್ಡಿ ಒರೆಸಲು ತನ್ನದೇ ಒಂದು ಶುದ್ಧವಾದ ಬಟ್ಟೆ ಇಟ್ಟುಕೊಂಡಳು.

ಕೊನೆಗೆ ಮೈದುನ ನೆಲದ ಮೇಲೆ ಅಂಗಾತ ಮಲಗಿ ಗಾಡಿಯ ಅಡಿಗೆ ಸರಿದ. ಅಲ್ಲಿಂದಲೇ ಮಾತಾಡಿದ.

"ಇದು ಮುಖ್ಯ ಅತ್ತಿಗೆ. ಹೊಗೆ ಹೋಗೋ ಪೈಪು. ಪ್ರತಿ ಸಲ ಹೀಗೆ ಮಲಗಿ ನೋಡಬೇಕು. ಬಿರುಕು ಬಿಟ್ಟಿದ್ಯಾ, ಸೊಟ್ಟಗಾಗಿದ್ಯಾ, ತುದಿ ಮಣ್ಣಲ್ಲಿ ಹೂತಿದ್ಯಾ ಅಂತ. ಶೆಡ್ಡೊಳಗೆ ಯಾವತ್ತೂ ಚಾಲೂ ಮಾಡಬೇಡಿ, ಗೋಡೆ ಕಡೆ ಪೈಪು ತಿರುಗಿಸಿ ನಿಲ್ಲಿಸಬೇಡಿ. ಒಳಗೆ ಆ ಬಿಳಿ ಡಬ್ಬಿ ಇದೆಯಲ್ಲ, ವಿಷಗಾಳಿ ಅಲಾರಂ, ಅದರ ಗುಂಡಿ ಒತ್ತಿ ಕೀ ಅನ್ಸಿ. ಕೂಗಲಿಲ್ಲ ಅಂದ್ರೆ ಜನರೇಟರ್ ಮುಟ್ಟಲೇಬೇಡಿ."

"ಹೊಗೆ ಬಂದ್ರೆ ನನಗೆ ಗೊತ್ತಾಗಲ್ವಾ? ಇಲ್ಲಿಂದ ನೀನು ತಂಬಾಕು ಬದಲಾಯಿಸಿದ್ದು ಗೊತ್ತಾಗುತ್ತೆ ನನಗೆ."

"ಅದಕ್ಕೆ ವಾಸನೆ ಇಲ್ಲ ಅತ್ತಿಗೆ."

ವಾಸನೆಯೇ ಇಲ್ಲದ ಕೆಟ್ಟದ್ದು ಒಂದಿದೆ ಎಂಬುದನ್ನು ಅವಳು ಕಿವಿಗೆ ಹಾಕಿಕೊಂಡಳೇ ಹೊರತು ಮನಸ್ಸಿಗೆ ಹಾಕಿಕೊಳ್ಳಲಿಲ್ಲ. ಗಾಡಿಯ ಅಡಿಯಿಂದ ಎದ್ದು ಬಂದ ಮೈದುನನ ಬೆನ್ನು ನೋಡಿ ಮುಖ ತಿರುಗಿಸಿದಳು.

ಹೀಗಿರುವಾಗ ಒಂದು ಮಧ್ಯಾಹ್ನ ಗೆಳೆಯರ ಗುಂಪೊಂದು ದೊಡ್ಡ ಮನೆಗಾಡಿಯನ್ನು ತಂದು ಬಿಟ್ಟಿತು. ಬಿಟ್ಟವರು ಬಾಗಿಲ ಬಳಿಯೂ ನಿಲ್ಲಲಿಲ್ಲ, ಕೀ ಎಸೆದು ಓಡಿದರು. ಯಾಕೆಂದು ಬಾಗಿಲು ತೆಗೆದ ಮೂಗಕ್ಕನಿಗೆ ತಿಳಿಯಿತು. ಫ್ರಿಜ್ಜಿನಲ್ಲಿ ಮಾಂಸ ಕೊಳೆತು ನೀರಾಗಿ, ಆ ನೀರು ನೆಲಕ್ಕೆ ಇಳಿದು ಕಾಲಿಗೆ ಅಂಟುತ್ತಿತ್ತು. ಕಕ್ಕಸಿನ ಬಗ್ಗೆ ಹೇಳದಿರುವುದೇ ಒಳ್ಳೆಯದು. ಎಲ್ಲ ಕಿಟಕಿಗಳೂ ಹಾರು ಹೊಡೆದಿದ್ದವು. ತಮ್ಮ ಗಬ್ಬನ್ನು ತಾವೇ ತಡೆಯಲಾರದೆ ತೆರೆದಿಟ್ಟುಕೊಂಡೇ ಮಲಗಿದ್ದರೆಂದು ಕಾಣುತ್ತದೆ. ಹಾಸಿಗೆಯ ಮೇಲಿನ ಗೋಡೆಯಲ್ಲಿ ಆ ಬಿಳಿ ಡಬ್ಬಿಗೆ ಯಾರೋ ತಮ್ಮ ಕಾಲುಚೀಲವನ್ನು ಟೋಪಿಯ ಹಾಗೆ ತೊಡಿಸಿದ್ದರು. ಬೆವರಿಗೆ ಗಟ್ಟಿಯಾದ ಕಾಲುಚೀಲ.

"ಎಂಥ ಜನ್ಮಗಳಪ್ಪ," ಎಂದು ಅವಳು ಅದನ್ನು ಇಕ್ಕಳದಲ್ಲಿ ಎತ್ತಿ ಹೊರಗೆ ಎಸೆದಳು. ಡಬ್ಬಿಯ ಗುಂಡಿ ಒತ್ತಿದಳು. ಕೂಗಲಿಲ್ಲ. ಮುಚ್ಚಳ ತೆಗೆದರೆ ಸೆಲ್ಲೇ ಇಲ್ಲ. ಮೈದುನ ಬಂದ ಮೇಲೆ ಹೊಸ ಸೆಲ್ಲು ಹಾಕಿಸಿದರಾಯಿತು ಎಂದುಕೊಂಡಳು. ಮೈದುನ ಆ ದಿನ ಹೆದ್ದಾರಿಯಲ್ಲಿ ಕೆಟ್ಟು ನಿಂತ ಗಾಡಿಯೊಂದನ್ನು ತರಲು ಹೋಗಿದ್ದ.

ಉಳಿದ ಹೊತ್ತೆಲ್ಲ ಅವಳು ತೊಳೆದಳು. ಬಿಸಿನೀರು, ಸೋಡಾಪುಡಿ, ಬ್ಲೀಚು, ಕೊನೆಗೆ ಬಕೆಟ್ಟುಗಟ್ಟಲೆ ಫಿನೈಲು. ಎರಡು ಸಲ ಹೊರಗೆ ಓಡಿ ವಾಂತಿ ಮಾಡಿಕೊಂಡು ಬಂದಳು. ಮಾರನೆಯ ಬೆಳಿಗ್ಗೆಯೂ ತೊಳೆದ ಮೇಲೆ, ಹನ್ನೊಂದರ ಹೊತ್ತಿಗೆ ಗಾಡಿಯೊಳಗೆ ನಾತ ಹೋಗಿ ಫಿನೈಲಿನ ಘಾಟು ನಿಂತಿತು. ಯಜಮಾನ ಫೋನು ಮಾಡಿದ. "ನಾಳೆ ಬೆಳಿಗ್ಗೆ ಫ್ಯಾಮಿಲಿ ಬರ್ತಿದೆ, ಕೈಕೂಸು ಇದೆ. ಜನರೇಟರ್ ಓಡಿಸಿ ನೋಡು, ಏಸಿಲಿ ಹಾಸಿಗೆ ಎಲ್ಲ ಒಣಗಲಿ."

ಅವಳು ಪೆಟ್ಟಿಗೆ ತೆರೆದು ನೋಡಿದಳು, ಗೂಡಿರಲಿಲ್ಲ. ಕಡ್ಡಿ ಎಳೆದಳು, ಆಯಿಲ್ಲು ಸರಿಯಿತ್ತು. ಪೆಟ್ರೋಲು ಅರ್ಧ ಟ್ಯಾಂಕಿತ್ತು. ಗ್ಯಾಸು ಬಂದ್ ಮಾಡಿದ್ದಳು. ಗಾಡಿ ಬಯಲಿನಲ್ಲೇ ನಿಂತಿತ್ತು. ಮೈದುನ ಇನ್ನೂ ವಾಪಸಾಗಿರಲಿಲ್ಲ, ಬಿಳಿ ಡಬ್ಬಿಗೆ ಸೆಲ್ಲು ಇಲ್ಲದ್ದು ಅವಳಿಗೆ ಮರೆತೇಹೋಗಿತ್ತು. ಇನ್ನು ಕೆಳಗೆ ಮಲಗಿ ಪೈಪು ನೋಡಬೇಕು. ಬಗ್ಗಿದಳು. ಕಕ್ಕಸಿನ ಟ್ಯಾಂಕು ಹಿಂದಿನ ದಿನ ತೊಟ್ಟಿಕ್ಕಿ ಕೆಳಗಿನ ಮಣ್ಣೆಲ್ಲ ಕೆಸರಾಗಿತ್ತು, ಆ ಕೆಸರಿನ ಮೇಲೆ ನೊಣ ಮುತ್ತಿದ್ದವು. ಮಲಗುವುದಿರಲಿ, ಮಂಡಿಯೂರಲೂ ಅವಳಿಂದಾಗಲಿಲ್ಲ. ನಿಂತಲ್ಲಿಂದಲೇ ಒಂದು ಸಲ ಕತ್ತು ಓರೆ ಮಾಡಿ ನೋಡಿದಳು. ಪೈಪಿನ ತುದಿ ಕಾಣಿಸಿತು. ಇದೆಯಲ್ಲ, ಸಾಕು ಎಂದು ನೆಟ್ಟಗಾದಳು.

ಆ ತುದಿ ಇತ್ತು ನಿಜ. ನಡುವೆ ಪೈಪು ಇಬ್ಭಾಗವಾಗಿತ್ತು. ಆ ಗೆಳೆಯರು ಗಾಡಿ ಹಿಂದಕ್ಕೆ ತೆಗೆಯುವಾಗ ಎಲ್ಲೋ ಕಲ್ಲಿನ ದಿಬ್ಬಕ್ಕೆ ಹೊಡೆದು ಸೀಳಿಸಿಕೊಂಡಿದ್ದರು. ಸೀಳಿನ ನೇರ ಮೇಲೆ ಸಿಂಕಿನ ನೀರಿನ ಕೊಳವೆ ಇಳಿಯುವ ತೂತು. ಹೊಗೆ ಅಲ್ಲಿಂದ ಒಳಗೆ ಏರುತ್ತಿತ್ತು. ಅದಕ್ಕೇ ಅವರಿದ್ದಾಗ ಆ ಡಬ್ಬಿ ಕಿರುಚಿಕೊಂಡಿದ್ದು, ಅವರು ಅದರ ಸೆಲ್ಲು ಕಿತ್ತು ಕಾಲುಚೀಲ ತೊಡಿಸಿದ್ದು. ಅವರು ಬದುಕಿ ಮನೆ ಸೇರಿದ್ದು ಅವರದೇ ಗಬ್ಬಿನಿಂದ, ಕಿಟಕಿ ತೆರೆದಿದ್ದರಿಂದ. ಇದೆಲ್ಲ ಆಮೇಲೆ ತಿಳಿದದ್ದು.

ಜನರೇಟರ್ ಗುರ್ ಎಂದಿತು. ಸ್ವಲ್ಪ ಹೊತ್ತು ಬಿಟ್ಟು ಏಸಿ ಹಾಕಿದಳು. ಆಗ ಗಾಳಿ ತಿರುಗಿ ಚರ್ಮದ ಮೋರಿಯ ನಾತ ಯಾರ್ಡಿನ ಮೇಲೆ ಕವಿಯಿತು. ಇಷ್ಟು ಕಷ್ಟಪಟ್ಟು ತೊಳೆದ ಗಾಡಿಯೊಳಗೆ ಮತ್ತೆ ಗಬ್ಬು ಸೇರಬಾರದೆಂದು ಅವಳು ಒಂದೊಂದೇ ಕಿಟಕಿ ಎಳೆದು ಮುಚ್ಚಿದಳು, ಬಾಗಿಲೂ ಹಾಕಿದಳು. ಒಳಗೆ ಕೂತು ಹೊಸ ದಿಂಬಿಗೆ ಕವರು ತೊಡಿಸತೊಡಗಿದಳು. ಪೆಟ್ರೋಲಿನ ಕಮಟು ಅಷ್ಟಿಷ್ಟು ಬಂದಿತ್ತೋ ಏನೋ, ಫಿನೈಲಿನ ಮುಂದೆ ಅದು ಗೊತ್ತಾಗಲಿಲ್ಲ. ಕೊಲ್ಲುವ ಗಾಳಿಗಂತೂ ವಾಸನೆಯೇ ಇರಲಿಲ್ಲ.

ತಲೆ ಸಿಡಿಯತೊಡಗಿತು. ಫಿನೈಲು ಜಾಸ್ತಿಯಾಯಿತು ಎಂದುಕೊಂಡಳು. ಹೊಟ್ಟೆ ತೊಳಸಿತು. ಬೇರೆ ಯಾರಿಗಾದರೂ ಆಗಿದ್ದರೆ ಇದೇನಿದು ಎಂದು ಗಾಬರಿಯಾಗುತ್ತಿತ್ತು. ಹುಟ್ಟಿದಾಗಿನಿಂದ ವಾಕರಿಕೆಯ ಜೊತೆಗೇ ಬದುಕಿದವಳಿಗೆ ಅದು ದಿನದ ಸಂಗತಿ. ಆ ಮಾಂಸದ ನೀರು ನೆನಪಾಗಿರಬೇಕು ಎಂದು ತನ್ನನ್ನೇ ಗದರಿಕೊಂಡಳು. ಕೈಯಲ್ಲಿದ್ದ ದಿಂಬು ಭಾರವಾಯಿತು. ಕಾಲು ಸೋತವು. ಸ್ವಲ್ಪ ಒರಗೋಣ ಎನ್ನಿಸಿತು, ಒರಗಿದಳು.

ಮೈದುನ ಕೆಟ್ಟ ಗಾಡಿಯನ್ನು ಎಳೆದುಕೊಂಡು ಬಂದಾಗ ಜನರೇಟರ್ ಓಡುತ್ತಿತ್ತು, ಕಿಟಕಿಗಳು ಮುಚ್ಚಿದ್ದವು. ಅತ್ತಿಗೆ ಎಂದು ಕೂಗಿದ. ಉತ್ತರವಿಲ್ಲ. ಗಾಜಿಗೆ ಮುಖ ಒತ್ತಿ ನೋಡಿದ. ಅತ್ತಿಗೆ ಬಾಡಿಗೆ ಗಾಡಿಯ ಹಾಸಿಗೆಯ ಮೇಲೆ ಮಲಗಿದ್ದಳು. "ಅಷ್ಟು ನೋಡಿದ್ದೇ ಸಾಕಾಯ್ತು," ಎಂದು ಅವನು ಆಮೇಲೆ ಅಣ್ಣನಿಗೆ ಹೇಳಿದ. "ಸತ್ತರೂ ಆ ಹಾಸಿಗೆ ಮೇಲೆ ಮಲಗೋ ಹೆಂಗಸಲ್ಲ ಅವರು." ಬಾಗಿಲು ಕಿತ್ತು, ಉಸಿರು ಬಿಗಿಹಿಡಿದು ಒಳಗೆ ನುಗ್ಗಿ, ಕಂಕುಳಿಗೆ ಕೈಹಾಕಿ ದರದರ ಎಳೆದು ತಂದು ಬಯಲಿನಲ್ಲಿ ಮಲಗಿಸಿದ. ತಲೆಯಡಿಗೆ ಇಡಲು ಏನೂ ಸಿಗದೆ ತನ್ನ ಅಂಗಿಯನ್ನೇ ಬಿಚ್ಚಿ ಮಡಚಿಟ್ಟ.

ಅವಳಿಗೆ ಮೊದಲು ತಿಳಿದದ್ದು ಆ ಅಂಗಿ. ಬೆವರು, ಗ್ರೀಸು, ತಂಬಾಕು, ಹಳೆ ಎಣ್ಣೆ. ಕಣ್ಣು ಬಿಟ್ಟಳು, ಮುಖದ ಹತ್ತಿರವೇ ಮೈದುನನ ಮುಖ, ತಂಬಾಕಿನ ಬಾಯಿ. ಅವಳು ಅವನ ಮೇಲೆಯೇ ವಾಂತಿ ಮಾಡಿಕೊಂಡಳು.

"ಮಾಡಿ ಅತ್ತಿಗೆ, ಮಾಡಿ," ಎಂದ ಅವನು, ಕದಲದೆ. "ಉಸಿರೆಳ್ಕೊಳ್ಳಿ. ಬೈಯೋದಿದ್ರೆ ಆಮೇಲೆ ಬೈಯಿರಿ."

ಆಸ್ಪತ್ರೆಯಲ್ಲಿ ಮೂಗಿಗೆ ಆಮ್ಲಜನಕದ ಮುಖವಾಡ ಹಾಕಿದರು. "ಇದನ್ನ ನನಗಿಂತ ಮುಂಚೆ ಎಷ್ಟು ಜನ ಹಾಕ್ಕೊಂಡಿದಾರೆ?" ಎಂದು ಅವಳು ನರ್ಸನ್ನು ಕೇಳಿದಳು. ಹೊಸದು ಎಂದರೂ ನಂಬದೆ ಕಿತ್ತುಹಾಕಲು ನೋಡಿದಳು. ಗಂಡ ಪಕ್ಕದಲ್ಲಿ ಕೂತು ಅವಳ ಎರಡೂ ಕೈ ಹಿಡಿದುಕೊಂಡ. ಇನ್ನು ತುಸು ಹೊತ್ತು ಹಾಗೇ ಬಿಟ್ಟಿದ್ದರೆ ನಮ್ಮ ಕೈಲಿ ಏನೂ ಇರುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಅವನು ಅವಳಿಗೆ ಹೇಳಲಿಲ್ಲ. ಮೈದುನ ಹೇಳಿದ.

"ಕೆಳಗೆ ಮಲಗಿ ನೋಡಿದ್ರಾ ಅತ್ತಿಗೆ?"

"ಇಲ್ಲ."

"ಯಾಕೆ?"

"ಹೇಸಿಗೆ ಆಯ್ತು."

ಅವನು ತಂಬಾಕು ಉಗುಳಲು ಹೊರಗೆ ಹೋದ.

ಬೆಳಿಗ್ಗೆ ಮನೆಗೆ ಕಳಿಸಿದರು. ಮಲಗಿಕೋ ಎಂದ ಗಂಡನ ಮಾತು ಕೇಳದೆ ಅವಳು ಮೈದುನನ ಜೊತೆ ಯಾರ್ಡಿಗೆ ಹೊರಟಳು. ಕೈಕೂಸಿನ ಸಂಸಾರ ಇವತ್ತು ಬರುವುದು ಅವಳಿಗೆ ನೆನಪಿತ್ತು. ಹೋಗಿ ನೋಡಿದರೆ ಅದೇ ಗಾಡಿ ಗೇಟಿನ ಮುಂದೆ ತಯಾರಾಗಿ ನಿಂತಿದೆ. ಕೂಸನ್ನು ಹೆಗಲಿಗೆ ಹಾಕಿಕೊಂಡ ತಾಯಿ, ಬ್ಯಾಗು ಹೊತ್ತ ತಂದೆ ನೆರಳಿನಲ್ಲಿ ಕಾಯುತ್ತಿದ್ದಾರೆ.

ಯಜಮಾನ ಆಫೀಸಿನಿಂದ ಹೊರಗೆ ಬಂದ. ಬಿಳಿ ಶರಟು, ಪೌಡರು, ಸೆಂಟು. "ಬಂದ್ಯಾ? ಹುಷಾರಾದ್ಯಲ್ಲ. ಪೈಪಿಗೆ ತಗಡು ಸುತ್ತಿ ತಂತಿ ಬಿಗಿಸಿದೀನಿ. ಇವತ್ತು ಒಂದು ಟ್ರಿಪ್ಪು ಹೋಗಿ ಬರಲಿ, ಆಮೇಲೆ ಹೊಸದು ಹಾಕಿಸೋಣ," ಎಂದ, ಗಿರಾಕಿಗಳಿಗೆ ಕೇಳಿಸದ ಹಾಗೆ.

"ತಗಡು ಸುತ್ತಿದ್ರೆ ನಿಲ್ಲಲ್ಲ ಸಾರ್ ಅದು," ಎಂದ ಮೈದುನ.

"ಏನೋ ನೀನು. ನೀನೇ ವಾಸನೆ ನೋಡಮ್ಮ, ಊರಿಗೇ ದೊಡ್ಡ ಮೂಗು ನಿಂದು. ಬರ್ತಿದ್ಯಾ? ಏನಾದ್ರೂ ಬರ್ತಿದ್ಯಾ ಹೇಳು."

ಅವಳು ಅವನನ್ನೇ ನೋಡಿದಳು. ಯಾರ್ಡಿನಲ್ಲಿ ಅವಳು ಹತ್ತಿರ ನಿಂತು ಮಾತಾಡಬಹುದಾದ ಮನುಷ್ಯ ಅವನೊಬ್ಬನೇ ಆಗಿದ್ದ. ಉಗುರು ಕತ್ತರಿಸಿಕೊಂಡ, ಚಪ್ಪಲಿ ಒರೆಸಿಕೊಂಡು ಒಳಗೆ ಬರುವ ಮನುಷ್ಯ. ಆ ಸೆಂಟಿನ ವಾಸನೆ ಈಗ ಅವಳ ಗಂಟಲಿಗೆ ಬಂದು ಕೂತಿತು. ಕೊಳೆತ ಮಾಂಸದ ನೀರನ್ನು ಕಂಡಾಗಲೂ ಅವಳಿಗೆ ಅಷ್ಟು ಅಸಹ್ಯವಾಗಿರಲಿಲ್ಲ. ಅದನ್ನು ತೊಳೆದರೆ ಹೋಗುತ್ತಿತ್ತು.

"ಕೀ ಕೊಡಿ, ಒಳಗೆ ಒಂದು ಸಲ ಒರೆಸಿ ಬರ್ತೀನಿ," ಎಂದಳು.

ಅವನು ಕೊಟ್ಟ. ಅವಳು ಗಾಡಿಯ ಕಡೆ ಹೋಗದೆ ಶೆಡ್ಡಿನ ಹಿಂದಕ್ಕೆ ಹೋದಳು. ಅಲ್ಲಿ ಎಲ್ಲ ಗಾಡಿಗಳ ಕಕ್ಕಸಿನ ಟ್ಯಾಂಕು ಖಾಲಿ ಮಾಡುವ ಹೊಂಡವಿತ್ತು. ಮೂಗು ಮುಚ್ಚಿಕೊಂಡು ಅದರ ಮುಚ್ಚಳ ಸರಿಸಿ ಕೀಯನ್ನು ಒಳಗೆ ಬಿಟ್ಟಳು. ಇನ್ನೊಂದು ಕೀಯನ್ನು ಹಿಂದೆಯೇ ಯಾರೋ ಗಿರಾಕಿ ಕೆರೆಯಲ್ಲಿ ಕಳೆದಿದ್ದ.

ವಾಪಸು ಬಂದು ನೇರ ಆ ತಾಯಿಯ ಹತ್ತಿರ ನಿಂತಳು. "ನಿನ್ನೆ ಈ ಗಾಡಿಯೊಳಗೆ ನಾನು ಸಾಯ್ತಿದ್ದೆ ಕಣಮ್ಮ. ಜನರೇಟರ್ ಹೊಗೆ ಒಳಗೆ ಬರುತ್ತೆ, ವಾಸನೆ ಬರಲ್ಲ. ಕೂಸನ್ನ ಕರ್ಕೊಂಡು ಮನೆಗೆ ಹೋಗಿ."

ತಾಯಿ ಗಂಡನ ಮುಖ ನೋಡಿದಳು. ಇಬ್ಬರೂ ಬ್ಯಾಗು ಎತ್ತಿಕೊಂಡರು.

"ಕೀ ಎಲ್ಲಿ?" ಎಂದ ಯಜಮಾನ, ಬಿಳಿಚಿಕೊಂಡು.

"ಹೊಂಡದಲ್ಲಿದೆ."

"ತೆಗಿ ಅದನ್ನ."

"ನನಗೆ ಹೇಸಿಗೆ ಆಗುತ್ತೆ ಸಾರ್."

ಯಜಮಾನ ಮೈದುನನ ಕಡೆ ತಿರುಗಿದ. ಹುಟ್ಟಿದ ಮೇಲೆ ಯಾವುದಕ್ಕೂ ಮೂಗು ಮುರಿಯದ ಆ ಮನುಷ್ಯ ತಂಬಾಕನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸರಿಸಿದ. "ನಂಗೂ ಇವತ್ತು ಯಾಕೋ ಹೇಸಿಗೆ ಸಾರ್," ಎಂದ.

ನಾಳೆಯಿಂದ ಇಬ್ಬರೂ ಬರಬೇಡಿ ಎಂದ ಯಜಮಾನ. ಇಬ್ಬರೂ ಹೋಗಲಿಲ್ಲ. ಬೇರೆ ಒಬ್ಬಳನ್ನು ತೊಳೆಯಲು ಇಟ್ಟುಕೊಂಡ. ಅವಳು ಮೊದಲ ಗಾಡಿಯ ಬಾಗಿಲು ತೆಗೆದವಳೇ ಹಾಗೇ ಮುಚ್ಚಿ ಬಸ್ಸು ಹತ್ತಿದಳು. ಗಾಡಿಗಳು ಸಾಲಾಗಿ ನಾರುತ್ತಾ ನಿಂತವು. ಕೊನೆಗೆ ಅವನೇ ಟೈಲರ್ ಅಂಗಡಿಗೆ ಬಂದು, ಹೆಂಡತಿಗೆ ಒಂದು ಮಾತು ಹೇಳಿ ಎಂದು ಗೋಗರೆದ. ಗಂಡ ಹೊಲಿಗೆಯಿಂದ ತಲೆ ಎತ್ತಲಿಲ್ಲ. "ನನ್ನ ಕೇಳಬೇಡಿ. ಅವಳ ಮೂಗು ಅವಳದು," ಎಂದ. ಎಲ್ಲ ಗಾಡಿಗೂ ಹೊಸ ಪೈಪು, ಹೊಸ ಅಲಾರಂ, ಅದೂ ಸೆಲ್ಲನ್ನು ಗಿರಾಕಿ ಕೀಳಲಾಗದಂಥದ್ದು; ಅವೆಲ್ಲ ಬಂದದ್ದನ್ನು ಮೈದುನ ಒಂದೊಂದಾಗಿ ನೋಡಿ ಹೌದು ಎಂದ ಮೇಲೆಯೇ ಅವಳು ಮತ್ತೆ ಹೋದಳು.

ಮೈದುನನ ಅಂಗಿಯನ್ನು ಅವಳು ಸುಟ್ಟುಹಾಕಿದಳು. ಗಂಡನಿಂದ ಹೊಸದೊಂದು ಹೊಲಿಸಿಕೊಟ್ಟಳು. ಅದು ಸಂಜೆಯೊಳಗೆ ಹಳೆಯದರ ಹಾಗೇ ಆಯಿತು. ಅವನ ತಟ್ಟೆ, ಲೋಟ, ಸೋಪು ಇದ್ದಲ್ಲೇ ಇವೆ. ನನ್ನ ಜೀವ ಉಳಿಸಿದವನು ಎಂದು ಅವಳು ಎಲ್ಲರ ಮುಂದೆಯೂ ಹೇಳುತ್ತಾಳೆ, ಆ ಕೈಯ ಟೀ ಮಾತ್ರ ಈಗಲೂ ಇಳಿಯುವುದಿಲ್ಲ.

ಈಗ ಪ್ರತಿ ಗಾಡಿಯ ಅಡಿಗೂ ಅವಳು ಮಲಗಿ ನೋಡುತ್ತಾಳೆ. ಒಂದು ಪ್ಲಾಸ್ಟಿಕ್ ಹಾಳೆ ಹಾಸಿಕೊಂಡು, ತಲೆಗೆ ಬಟ್ಟೆ ಬಿಗಿದುಕೊಂಡು, ನೊಣಗಳನ್ನೂ ಗಿರಾಕಿಗಳನ್ನೂ ಅವರ ವಂಶವನ್ನೂ ಬೈಯುತ್ತಾ ಒಳಗೆ ಸರಿಯುತ್ತಾಳೆ. ಪೈಪನ್ನು ಟಾರ್ಚು ಹಿಡಿದು ಉದ್ದಕ್ಕೂ ನೋಡುತ್ತಾಳೆ. ಅಭ್ಯಾಸವಾಗಿ ಅಸಹ್ಯ ಕಡಿಮೆಯಾಯಿತೇ ಎಂದು ಗಂಡ ಒಂದು ಸಲ ಕೇಳಿದ. ಎಲ್ಲಿಂದ ಕಡಿಮೆಯಾಗುತ್ತೆ ರೀ, ಮೇಲಿನದಷ್ಟೇ ನೋಡ್ತಿದ್ದೆ, ಈಗ ಕೆಳಗಿನದೂ ನೋಡೋ ಹಾಗಾಯ್ತು ಎಂದಳು.

ಗಾಡಿ ಕೊಡುವಾಗ ಗಿರಾಕಿಗಳನ್ನು ನಿಲ್ಲಿಸಿಕೊಂಡು ಎಲ್ಲವನ್ನೂ ಹೇಳುತ್ತಾಳೆ. ಅವರು ಫೋನು ನೋಡುತ್ತಾ ಹೂಂಗುಟ್ಟುತ್ತಾರೆ. ಮೊನ್ನೆ ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು ಮಾತ್ರ ಕೇಳಿದಳು.

"ಆಂಟಿ, ಅಲಾರಂ ಕೂಗಿದ್ರೆ ಏನು ಮಾಡಬೇಕು?"

"ಕೆಳಗಿಳಿದು ದೂರ ಹೋಗಿ ನಿಂತ್ಕೋಬೇಕು. ಆಮೇಲೆ ನಮಗೆ ಫೋನು ಮಾಡಬೇಕು."

"ಚಳಿ ಇದ್ರೆ?"

"ನಡುಗ್ತಾ ನಿಂತ್ಕೋಬೇಕು," ಎಂದು ಮೂಗಕ್ಕ ಅವಳ ಅಂಗೈಗೆ ಕೀ ಇಟ್ಟು, ಕೈ ತೊಳೆಯಲು ನಲ್ಲಿಯ ಕಡೆ ಹೋದಳು.